ನೋರಾ ಹೊಸ್ತಿಲು ದಾಟಿದಳು, ಆಮೇಲೆ? – ಆಧುನಿಕ ಚೀನೀ ಸಾಹಿತ್ಯದ ಹೆಣ್ಣುಗಳ ಬಗ್ಗೆ ಮಾತಾಡೋಣ

ತುಂಗಾತೀರ:

ಗೆಳೆಯರೇ, ಮೂರು ತಿಂಗಳಿಂದ ಚೀನೀ ಕತೆಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ಒಂದು ಪ್ರಶ್ನೆ ಬಿಡದೆ ಕೊರೆಯುತ್ತಿದೆ, ಅದನ್ನು ನಿಮ್ಮ ಮುಂದಿಡುತ್ತೇನೆ.

1918ರ ಜೂನ್‌ನಲ್ಲಿ ಚೀನಾದ ‘ಹೊಸ ಯುವಜನ’ ಪತ್ರಿಕೆ ನಾರ್ವೆಯ ನಾಟಕಕಾರ ಇಬ್ಸೆನ್ ಬಗ್ಗೆ ವಿಶೇಷಾಂಕ ತಂದಿತು. ಅವನ ‘ಗೊಂಬೆಮನೆ’ ನಾಟಕದಲ್ಲಿ ಗಂಡನ ಮನೆಯ ಬಾಗಿಲು ಎಳೆದುಕೊಂಡು ಹೊರಟ ನೋರಾ, ಓದುಬರಹ ಕಲಿತ ಚೀನೀ ಹುಡುಗಿಯರ ಎದೆಯಲ್ಲಿ ಕೂತಳು. ಮರುವರ್ಷವೇ ಲೇಖಕ ಹು ಶಿ ಒಂದು ಪುಟ್ಟ ನಾಟಕ ಬರೆದರು. ಅದರಲ್ಲಿ ಹುಡುಗಿ ಅಪ್ಪ ಅಮ್ಮನಿಗೆ ಚೀಟಿ ಬರೆದಿಟ್ಟು ಪ್ರಿಯಕರನ ಕಾರಿನಲ್ಲಿ ಹೊರಟುಬಿಡುತ್ತಾಳೆ. ಕಾರು ಅವಳದಲ್ಲ, ಅವನದು. ಮೊದಲ ಸಲ ಓದಿದಾಗ ನಾನು ಇದನ್ನು ಗಮನಿಸಿರಲಿಲ್ಲ.

ಅದೇ 1919ರ ನವೆಂಬರಿನಲ್ಲಿ ಚಾಂಗ್‌ಶಾ ಊರಿನಲ್ಲಿ ಝಾವೊ ಮನೆತನದ ಹುಡುಗಿಯೊಬ್ಬಳು ಒಲ್ಲದ ಮದುವೆಗೆ ಹೊರಟ ಮೇನೆಯೊಳಗೇ ಕತ್ತು ಕುಯ್ದುಕೊಂಡು ಸತ್ತಳು. ಆಗ 25 ವರ್ಷದವನಾಗಿದ್ದ ಮಾವೊ ಆ ಸಾವಿನ ಬಗ್ಗೆ ಪತ್ರಿಕೆಯಲ್ಲಿ ಒಂದರ ಹಿಂದೊಂದು ಲೇಖನ ಬರೆದ. ನಾಟಕದ ಹುಡುಗಿಗೆ ಕಾರು ಸಿಕ್ಕಿತ್ತು, ಈ ಹುಡುಗಿಗೆ ಮೇನೆಯಿಂದ ಇಳಿಯಲು ದಾರಿಯೇ ಇರಲಿಲ್ಲ.

1923ರ ಡಿಸೆಂಬರ್ 26ರಂದು ಬೀಜಿಂಗಿನ ಮಹಿಳಾ ಶಿಕ್ಷಕಿಯರ ಕಾಲೇಜಿನಲ್ಲಿ ಕತೆಗಾರ ಲು ಶುನ್ ಭಾಷಣ ಮಾಡಿದರು. ವಿಷಯ: ನೋರಾ ಮನೆ ಬಿಟ್ಟ ಮೇಲೆ ಏನಾಗುತ್ತದೆ? ಎದುರಿಗೆ ಕೂತವರೆಲ್ಲ ನೋರಾ ಆಗಬೇಕೆಂದಿದ್ದ ಹುಡುಗಿಯರು. ಅವರಿಗೆ ಆತ ಹೇಳಿದ್ದು: ಎರಡೇ ದಾರಿ, ಕೆಟ್ಟುಹೋಗಬೇಕು ಇಲ್ಲವೇ ಮನೆಗೆ ಮರಳಬೇಕು. ಯಾಕೆಂದರೆ ಕೈಯಲ್ಲಿ ಕಾಸಿಲ್ಲ. ಸ್ವಾತಂತ್ರ್ಯವನ್ನು ದುಡ್ಡು ಕೊಟ್ಟು ಕೊಳ್ಳಲಾಗುವುದಿಲ್ಲ, ಆದರೆ ದುಡ್ಡಿಗಾಗಿ ಮಾರಿಕೊಳ್ಳಬೇಕಾಗಿ ಬರುತ್ತದೆ ಅಂದರು.

ಮುಂದಿನ ವರ್ಷ ‘ಹೊಸವರ್ಷದ ಬಲಿ’ ಕತೆ ಬರೆದರು. ಅದರ ಹೆಂಗಸಿಗೆ ಸ್ವಂತ ಹೆಸರೇ ಇಲ್ಲ. ಶಿಯಾಂಗ್‌ಲಿನ್‌ನ ಹೆಂಡತಿ, ಅಷ್ಟೆ. ಅವನು ಸತ್ತ ಮೇಲೆ ಅತ್ತೆ ಇವಳನ್ನು ಬೆಟ್ಟದ ಊರಿನವನಿಗೆ ಮಾರುತ್ತಾಳೆ. ಎರಡನೇ ಗಂಡನೂ ಸಾಯುತ್ತಾನೆ, ಮಗುವನ್ನು ತೋಳ ಒಯ್ಯುತ್ತದೆ. ಕೂಲಿಗೆಂದು ಹಳೆಯ ಯಜಮಾನರ ಮನೆಗೆ ಮರಳಿದರೂ ಊರವರ ಬಾಯಲ್ಲಿ ಅವಳು ಇನ್ನೂ ಶಿಯಾಂಗ್‌ಲಿನ್ ಹೆಂಡತಿಯೇ. ಸತ್ತ ಮೇಲೆ ಇಬ್ಬರು ಗಂಡಂದಿರೂ ನಿನಗಾಗಿ ಜಗಳ ಆಡುತ್ತಾರೆ, ಯಮ ನಿನ್ನನ್ನು ಗರಗಸದಲ್ಲಿ ಎರಡು ಸೀಳು ಮಾಡಿ ಹಂಚುತ್ತಾನೆ ಎಂದು ಜೊತೆಯ ಕೆಲಸದಾಕೆ ಹೆದರಿಸುತ್ತಾಳೆ. ಪರಿಹಾರ? ಗುಡಿಗೆ ಒಂದು ಹೊಸ್ತಿಲು ಮಾಡಿಸಿಕೊಡು, ನಿನ್ನ ಬದಲು ಅದನ್ನು ಸಾವಿರ ಜನ ತುಳಿಯಲಿ, ಹತ್ತು ಸಾವಿರ ಜನ ದಾಟಲಿ.

ಹತ್ತಿರ ಹತ್ತಿರ ಒಂದು ವರ್ಷದ ಕೂಲಿ, 12 ಬೆಳ್ಳಿ ನಾಣ್ಯ, ಅವಳು ಆ ಹೊಸ್ತಿಲಿಗೆ ಸುರಿಯುತ್ತಾಳೆ. ಮುಖದಲ್ಲಿ ಕಳೆ ಮರಳುತ್ತದೆ. ಚಳಿಗಾಲದ ಹಿರಿಯರ ಪೂಜೆಯ ದಿನ ಧೈರ್ಯವಾಗಿ ಬಟ್ಟಲು, ಊಟದ ಕಡ್ಡಿ ಎತ್ತಿಡಲು ಹೋದರೆ ಯಜಮಾನಿ, ‘ನೀನು ಮುಟ್ಟಬೇಡ!’ ಎನ್ನುತ್ತಾಳೆ. ಕಾದ ಕಬ್ಬಿಣ ತಗುಲಿದಂತೆ ಅವಳ ಕೈ ಹಿಂದಕ್ಕೆ ಬರುತ್ತದೆ. ಆ ಕೈಯನ್ನು ನನಗೆ ಮರೆಯಲಾಗುತ್ತಿಲ್ಲ.

ನನ್ನ ಪ್ರಶ್ನೆ ಇದು. ನೋರಾಳ ಮುಂದಿನ ಬದುಕನ್ನು ಚೀನಾದ ಲೇಖಕಿಯರು ಹೇಗೆ ಬರೆದರು? ಲು ಶುನ್ ಹೇಳಿದ ಆ ಎರಡು ದಾರಿಗಳೇನಾ, ಬೇರೆಯೂ ಇದೆಯಾ?

ಜಯನಗರದ ಓದುಗ:

ಮೇಡಂ, ಒಳ್ಳೆಯ ಪ್ರಶ್ನೆ. ಆದರೆ ನನಗೊಂದು ತಕರಾರಿದೆ. 1919ರ ಮೇ ನಾಲ್ಕರ ಚಳವಳಿಯ, ಹಳೆಯದನ್ನು ಕಿತ್ತು ಹೊಸ ಚೀನಾ ಕಟ್ಟಬೇಕೆಂದ ಗಂಡಸು ಲೇಖಕರಿಗೆ ಹೆಣ್ಣು ಮುಖ್ಯವಾಗಿದ್ದಳೋ ದೇಶವೋ? ಹಳೆಯ ಚೀನಾ ಎಷ್ಟು ಕೊಳೆತಿದೆ ಎಂದು ತೋರಿಸಬೇಕಾದಾಗೆಲ್ಲ ಒಬ್ಬ ಹೆಂಗಸನ್ನು ಸಾಯಿಸುತ್ತಾರೆ. ಬಾ ಜಿನ್‌ನ ‘ಕುಟುಂಬ’ ಕಾದಂಬರಿಯಲ್ಲಿ ಸೇವಕಿ ಮಿಂಗ್‌ಫೆಂಗ್ ಕೊಳಕ್ಕೆ ಹಾರುತ್ತಾಳೆ, ಸೊಸೆ ರುಯಿಜ್ಯುವೆ ಊರ ಹೊರಗೆ ಹೆರಿಗೆಯಲ್ಲಿ ಸಾಯುತ್ತಾಳೆ. ಹೆಣ್ಣು ಸತ್ತರೆ ಗಂಡಿಗೆ ಜ್ಞಾನೋದಯ, ಕೊನೆಯಲ್ಲಿ ಮನೆ ಬಿಟ್ಟು ಶಾಂಘೈ ಹಡಗು ಹತ್ತುವವನೂ ಗಂಡೇ. ಲು ಶುನ್‌ರ ‘ಗತಕ್ಕೊಂದು ಪಶ್ಚಾತ್ತಾಪ’ ಕತೆಯಲ್ಲೂ ಅಷ್ಟೇ. ಜುವಾನ್‌ಶೆಂಗ್ ಪ್ರೀತಿಸಿದ, ಬೇಸರವಾಯಿತು, ಹೇಳಿದ, ಅವಳು ಸತ್ತಳು, ಅವನು ಪಶ್ಚಾತ್ತಾಪ ಬರೆದ. ಪೆನ್ನು ಕೊನೆತನಕ ಅವನ ಕೈಯಲ್ಲೇ.

ತುಂಗಾತೀರ:

ಬಾ ಜಿನ್ ವಿಷಯ ಒಪ್ಪುತ್ತೇನೆ. ಆದರೆ 1925ರ ಆ ಪಶ್ಚಾತ್ತಾಪದ ಕತೆಯ ಬಗ್ಗೆ ಒಪ್ಪಲಾರೆ. ದಯವಿಟ್ಟು ಇನ್ನೊಮ್ಮೆ ಓದಿ. ‘ನಾನು ನನ್ನವಳು, ನನ್ನ ಮೇಲೆ ಅವರ್ಯಾರಿಗೂ ಹಕ್ಕಿಲ್ಲ’ ಎಂದು ಹೇಳಿ ಝಿಜುನ್ ಮನೆ ಬಿಟ್ಟು ಬಂದವಳು. ಬಂದ ಮೇಲೆ ಮಾಡಿದ್ದೇನು? ಅಡುಗೆ, ಕೋಳಿ ಸಾಕಣೆ, ಬೆವರು, ಒರಟಾದ ಕೈ. ಅವಳಲ್ಲಿ ಮೊದಲಿನ ಧೈರ್ಯವಿಲ್ಲ ಎಂದು ಅವನು ಬೇಸರಪಡುತ್ತಾನೆ. ಆ ಧೈರ್ಯ ಯಾವ ಒಲೆಯಲ್ಲಿ ಉರಿದುಹೋಯಿತು ಎಂದು ಅವನು ಕೇಳುವುದಿಲ್ಲ, ಓದುವ ನಾವು ಕೇಳುತ್ತೇವೆ. ಅವನ ಮಾತನ್ನು ಪೂರ್ತಿ ನಂಬಲಿ ಎಂದು ಲು ಶುನ್ ಬರೆದದ್ದೇ ಅಲ್ಲ ಅನ್ನುವುದು ನನ್ನ ಓದು.

ಅಪ್ಪ ಬಂದು ಅವಳನ್ನು ಕರೆದುಕೊಂಡು ಹೋದ ದಿನ ಅವನು ಕೋಣೆಗೆ ಬಂದು ಚೀಟಿ ಹುಡುಕುತ್ತಾನೆ. ಚೀಟಿ ಇಲ್ಲ. ಉಪ್ಪು, ಒಣಮೆಣಸಿನಕಾಯಿ, ಹಿಟ್ಟು, ಅರ್ಧ ಕೋಸು ಒಂದೇ ಕಡೆ ಕೂಡಿಸಿಟ್ಟಿದ್ದಾಳೆ, ಪಕ್ಕದಲ್ಲಿ ಹತ್ತಾರು ತಾಮ್ರದ ಕಾಸು. ಇವನು ಇನ್ನಷ್ಟು ದಿನ ಉಣ್ಣಲಿ ಎಂದು ಇದ್ದಬದ್ದದ್ದನ್ನೆಲ್ಲ ಬಿಟ್ಟುಹೋಗಿದ್ದಾಳೆ. ಪೆನ್ನು ಅವನ ಕೈಯಲ್ಲಿರಬಹುದು, ಆ ಅರ್ಧ ಕೋಸು ಮಾತ್ರ ಅವಳ ಬರಹ.

ಹಳೇ ಮೇಷ್ಟ್ರು:

ತಂಗೀ, ಈ ಕತೆ 1918ಕ್ಕೆ ಶುರುವಾಗಲಿಲ್ಲ, ಸ್ವಲ್ಪ ಹಿಂದಕ್ಕೆ ಹೋಗಬೇಕು. ಚಿಯು ಜಿನ್ ಹೆಸರು ಬಿಟ್ಟು ಈ ಮಾತು ಪೂರ್ತಿ ಆಗುವುದಿಲ್ಲ. 1904ರಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಬಿಟ್ಟು, ಒಡವೆ ಮಾರಿ ಜಪಾನಿಗೆ ಓದಲು ಹೋದ ಹೆಂಗಸು. ಬೆಳೆಯದೆ ಪುಟ್ಟದಾಗಿಯೇ ಇರಲೆಂದು ಚಿಕ್ಕಂದಿನಲ್ಲೇ ಬಿಗಿದು ಕಟ್ಟಿದ ಪಾದಗಳನ್ನು ತಾನೇ ಬಿಚ್ಚಿಕೊಂಡವಳು, ಕತ್ತಿವರಸೆ ಕಲಿತವಳು. 1907ರಲ್ಲಿ ಶಾಂಘೈಯಿಂದ ಹೆಂಗಸರ ಪತ್ರಿಕೆ ಹೊರಡಿಸಿದಳು. ಅದೇ ವರ್ಷ ಜುಲೈ 15ರಂದು ಶಾವೊಶಿಂಗ್‌ನಲ್ಲಿ ಅವಳ ತಲೆ ಕಡಿದರು. ನಾಯಕಿಯರು ಮನೆ ಬಿಟ್ಟು ಜಪಾನಿಗೆ ಹೊರಡುವ ‘ಜಿಂಗ್‌ವೆಯ್ ಹಕ್ಕಿಯ ಕಲ್ಲುಗಳು’ ಎಂಬ ಹಾಡುಗತೆಯೊಂದನ್ನು ಬರೆಯುತ್ತಿದ್ದಳು, ಅದು ಅರ್ಧಕ್ಕೇ ನಿಂತಿತು. ನೋರಾ ಚೀನಾಕ್ಕೆ ಬರುವ ಹತ್ತು ವರ್ಷ ಮೊದಲೇ ಹೊಸ್ತಿಲು ದಾಟಿದವಳು ಇವಳು.

ಲು ಶುನ್ ಹುಟ್ಟಿದ್ದೂ ಅದೇ ಊರಿನಲ್ಲಿ. ‘ಔಷಧಿ’ ಕತೆಯಲ್ಲಿ ತಲೆ ಕಡಿಸಿಕೊಂಡ ಕ್ರಾಂತಿಕಾರಿಯ ಹೆಸರು ಶಿಯಾ ಯು. ಚಿಯು ಅಂದರೆ ಶರತ್ಕಾಲ, ಶಿಯಾ ಅಂದರೆ ಬೇಸಿಗೆ. ತಿಳಿದವರಿಗೆ ತಿಳಿಯಲಿ ಅಂತ. ಆದರೆ ಕತೆಯಲ್ಲಿ ಆ ಕ್ರಾಂತಿಕಾರಿ ಗಂಡಸು. ಜಯನಗರದವರ ತಕರಾರಿಗೆ ಇದೂ ಒಂದು ಪುರಾವೆ ಅನ್ನಿ.

ಅದೇ 1907ರಲ್ಲಿ ಟೋಕಿಯೋದಲ್ಲಿ ಹೆ-ಯಿನ್ ಝೆನ್ ಎಂಬಾಕೆ ‘ತಿಯೆನ್‌ಯಿ’ ಪತ್ರಿಕೆ ನಡೆಸಿದಳು. ಹೆಸರಿನಲ್ಲಿ ಅಪ್ಪನ ಮನೆತನದ ಜೊತೆ ಅಮ್ಮನ ಮನೆತನವನ್ನೂ ಸೇರಿಸಿಕೊಂಡವಳು. ಗಂಡಸರು ಹೆಣ್ಣಿನ ಬಿಡುಗಡೆ ಬೇಕು ಅನ್ನುತ್ತಿರುವುದು ತಮ್ಮ ಲಾಭಕ್ಕೆ, ತಾವು ನಾಗರಿಕರು ಅನ್ನಿಸಿಕೊಳ್ಳುವುದಕ್ಕೆ ಎಂದು ಆಗಲೇ ಬರೆದಿದ್ದಾಳೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ!

ಕಸೂತಿ ಕೈ:

ನಾ ಧಾರವಾಡದಾಕಿ, ಇಪ್ಪತ್ತು ವರ್ಷದಿಂದ ಕಸೂತಿ ಹಾಕ್ತೀನಿ. ಸಾಹಿತ್ಯದ ದೊಡ್ಡ ಮಾತು ನನಗ ಬರೂದಿಲ್ಲ. ಆದ್ರ ಲಿಂಗ್ ಶುಹ್ವಾ ಅನ್ನಾಕಿ 1925ರಾಗ ಬರೆದ ‘ಕಸೂತಿ ದಿಂಬು’ ಕತಿ ಓದಿ ಆ ರಾತ್ರಿ ನನಗ ನಿದ್ದಿ ಬರಲಿಲ್ಲ, ಅದಕ್ಕ ಬರೀಲಿಕ್ಕತ್ತೀನಿ.

ದೊಡ್ಡ ಮನಿ ಹುಡುಗಿ. ಸುಡು ಬ್ಯಾಸಗಿಯೊಳಗ ಕೂತು ದಿಂಬಿನ ಮ್ಯಾಲೆ ಹಕ್ಕಿ ಹಾಕ್ತಾಳ. ಒಂದು ಹಕ್ಕಿಗೇ ಮೂವತ್ತು ನಲವತ್ತು ಬಣ್ಣದ ರೇಷ್ಮಿ ಎಳಿ. ಮಿಂಚುಳ್ಳಿಯ ತುರಾಯಿ ಮೂರು ಸಲ ಹಾಕಿ ಬಿಚ್ಚಿದಾಳ. ಒಮ್ಮೆ ಕೈಯ ಬೆವರಿಗೆ ಬಣ್ಣ ಕೆಟ್ಟಿತು, ಒಮ್ಮೆ ದೀಪದ ಬೆಳಕಿನಾಗ ಹಸರು ತಪ್ಪಿ ಆರಿಸಿದ್ಲು. ಗವಂತಿ, ಮುರಗಿ ಹೊಲಿಗಿ ಹಾಕೋ ಯಾರನ್ನಾದ್ರೂ ಕೇಳ್ರಿ. ಹಾಕೂದು ಹಬ್ಬ, ಬಿಚ್ಚೂದು ಹೆಣಭಾರ. ಬಟ್ಟಿ ಎಳಿ ಹರೀಬಾರದು, ತೂತು ಕಾಣಬಾರದು. ಅದನ್ನ ಮೂರು ಸಲ! ಯಾಕಂದ್ರ ಆ ದಿಂಬು ದೊಡ್ಡ ಅಧಿಕಾರಿ ಮನಿಗೆ ಹೋಗಬೇಕು, ನೋಡಿದವರು ಇಂಥಾ ಕೈ ನಮ್ಮ ಮನಿಗೆ ಸೊಸಿಯಾಗಿ ಬರಲಿ ಅನ್ನಬೇಕು.

ಎರಡು ವರ್ಷ ಆದಮ್ಯಾಲೆ ಮನಿಗೆಲಸದಾಕಿ ಮಗಳು ಎರಡು ತುಂಡು ಕಸೂತಿ ಬಟ್ಟಿ ತರ್ತಾಳ. ದಿಂಬು ಹೋದ ರಾತ್ರೀನೇ ಕುಡಿದ ಅತಿಥಿ ಒಬ್ಬ ಒಂದರ ಮ್ಯಾಲೆ ವಾಂತಿ ಮಾಡಿದ. ಇನ್ನೊಂದು ನೆಲಕ್ಕ ಬಿದ್ದಿತ್ತು, ಮಾಜೊಂಗ್ ಆಡಾವರು ಕಾಲೊರಸಾಕ ಮಾಡಿಕೊಂಡ್ರು. ಕೆಲಸದಾಕಿ ಮಗಳು ಚಲೋ ಇದ್ದ ತುಂಡು ಕತ್ತರಿಸಿ ತಂದಾಳ, ಹಾಕಿದಾಕಿ ಇಕಿನೇ ಅಂತ ಅಕಿಗೆ ಗೊತ್ತಿಲ್ಲ. ಹುಡುಗಿ ಒಂದು ಮಾತೂ ಆಡೂದಿಲ್ಲ. ನೋಡ್ಕೋತ ಕೂಡತಾಳ.

ಇದರಾಗ ಯಾರೂ ಸಾಯೂದಿಲ್ಲ, ಯಾರೂ ಮನಿ ಬಿಟ್ಟು ಓಡೂದಿಲ್ಲ. ತುಂಗಾತೀರ ಅಕ್ಕಾ, ನೀವು ಕೇಳಿದ ಹೊಸ್ತಿಲಿನ ತನಕ ಬರಲಾರದ ಹುಡುಗಿಯರ ಕತಿನೂ ಬಿಡುಗಡೆಯ ಕತೀನೇ ಅಂತ ನನಗ ಅನಿಸ್ತದ.

ನೀಲಿ ಶಾಯಿ:

ಕಸೂತಿ ಕೈ ಅವರೇ, ನಿಮ್ಮ ‘ಮೂರು ಸಲ’ ಓದಿ ಕಣ್ಣು ತುಂಬಿತು.

ಭಾಷೆಯ ಬಗ್ಗೆ ಒಂದು ಸಂಗತಿ. ಚೀನೀ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ಬಾಯಲ್ಲಿ ಒಂದೇ ಮಾತು, ‘ತಾ’. 1920ರ ಹೊತ್ತಿಗೆ ಲಿಯು ಬಾನ್‌ನೊಂಗ್ ‘ಅವಳು’ ಎಂಬುದಕ್ಕೆ ಹೆಣ್ಣಿನ ಗುರುತು ಇರುವ ಬೇರೆ ಅಕ್ಷರ ಬಳಕೆಗೆ ತಂದರು, ಅದನ್ನಿಟ್ಟು ಪದ್ಯವನ್ನೂ ಬರೆದರು. ಅಲ್ಲಿಂದ ಕತೆಗಳಲ್ಲಿ ಹೆಣ್ಣು ಹೆಣ್ಣಾಗಿಯೇ ಕಾಣತೊಡಗಿದಳು. ಕೆಲವು ಹೆಂಗಸರು ಇದನ್ನು ಒಪ್ಪಲಿಲ್ಲ. ಗಂಡಿನ ‘ತಾ’ದಲ್ಲಿ ಮನುಷ್ಯ ಎಂಬ ಗುರುತು ಹಾಗೇ ಉಳಿಯಿತು, ನಮ್ಮದರಲ್ಲಿ ಮನುಷ್ಯ ಹೋಗಿ ಹೆಣ್ಣು ಬಂತು, ನಾವು ಮನುಷ್ಯರಲ್ಲವೇ ಎಂಬುದು ಅವರ ಮಾತು. ಅವನು, ಅವಳು ಹುಟ್ಟಿನಿಂದಲೇ ಬೇರೆಯಾಗಿರುವ ಕನ್ನಡದವರಾದ ನಮಗೆ ಆ ಜಗಳದ ಬಿಸಿ ಸುಲಭಕ್ಕೆ ಗೊತ್ತಾಗುವುದಿಲ್ಲ.

ಗುವಾಂಗ್‌ಝೌ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಆರು ವರ್ಷ ಚೀನಾದಲ್ಲಿದ್ದೆ, ಅಲ್ಪಸ್ವಲ್ಪ ಓದಲು ಕಲಿತೆ. ತುಂಗಾತೀರ ಅವರ ಪ್ರಶ್ನೆಗೆ ನೇರ ಉತ್ತರ ಡಿಂಗ್ ಲಿಂಗ್. ಹುಟ್ಟಿದ್ದು 1904, ಹುನಾನ್ ಪ್ರಾಂತ್ಯ. ವಿಧವೆಯಾದ ಅಮ್ಮ ಕಾಲಿನ ಕಟ್ಟು ಬಿಚ್ಚಿ, ಮಗಳನ್ನೂ ಕಟ್ಟಿಕೊಂಡು ಶಾಲೆಗೆ ಸೇರಿ ಟೀಚರ್ ಆದವರು.

1928ರ ‘ಮಿಸ್ ಸೋಫಿಯಾಳ ದಿನಚರಿ’ಯಲ್ಲಿ ಮನೆ ಬಿಟ್ಟ ಹುಡುಗಿ ಬೀಜಿಂಗಿನ ಬಾಡಿಗೆ ಕೋಣೆಯಲ್ಲಿ ಕ್ಷಯ ಹಿಡಿದು ಮಲಗಿದ್ದಾಳೆ. ಚಳಿಗಾಲ. ಕುಡಿಯುವ ಆಸೆ ಇಲ್ಲದಿದ್ದರೂ ದಿನಕ್ಕೆ ಮೂರು ನಾಲ್ಕು ಸಲ ಹಾಲು ಬಿಸಿ ಮಾಡುತ್ತಾಳೆ, ಹೊತ್ತು ಹೋಗಬೇಕಲ್ಲ. ಪೇಪರನ್ನು ಜಾಹೀರಾತೂ ಬಿಡದೆ ಓದುತ್ತಾಳೆ. ಸಿಂಗಾಪುರದಿಂದ ಬಂದ ಚೆಲುವನೊಬ್ಬನ ತುಟಿಯ ಮೇಲೆ ಅವಳ ಕಣ್ಣು. ಅವನ ಒಳಗು ಪೊಳ್ಳು, ವ್ಯಾಪಾರಿ ಬುದ್ಧಿ, ಅದೂ ಅವಳಿಗೆ ಗೊತ್ತು. ಆದರೂ ಆಸೆ. ಆ ಆಸೆಯನ್ನು ಒಬ್ಬ ಹೆಂಗಸು ‘ನಾನು’ ಅಂತ ಹೇಳಿಕೊಂಡು ಬರೆದದ್ದಕ್ಕೇ ಅಂದಿನ ಓದುಗರು ಬೆಚ್ಚಿದ್ದು. ಅವಳು ಕೆಟ್ಟೂ ಹೋಗಲಿಲ್ಲ, ಮನೆಗೂ ಮರಳಲಿಲ್ಲ. ಪರಿಚಯದವರಿಲ್ಲದ ಊರಿಗೆ ರೈಲು ಹತ್ತಿ ಹೋಗುತ್ತೇನೆ ಎಂದು ದಿನಚರಿ ಮುಗಿಸುತ್ತಾಳೆ. ಲು ಶುನ್ ಲೆಕ್ಕದಲ್ಲಿ ಇರದ ಮೂರನೇ ದಾರಿ.

1931ರ ಫೆಬ್ರವರಿಯಲ್ಲಿ ಡಿಂಗ್ ಲಿಂಗ್ ಸಂಗಾತಿ ಹು ಯೆಪಿನ್‌ರನ್ನು ಶಾಂಘೈಯಲ್ಲಿ ಗುಂಡಿಟ್ಟು ಕೊಂದರು. ಹೆಂಡತಿಯನ್ನು ಮೂರು ವರ್ಷಕ್ಕೆ ಬಾಡಿಗೆಗೆ ಕೊಡುವ ‘ಗುಲಾಮ ತಾಯಿ’ ಕತೆ ಬರೆದ ರೌ ಶಿ ಸತ್ತಿದ್ದೂ ಅದೇ ದಿನ. 1933ರಲ್ಲಿ ಡಿಂಗ್ ಲಿಂಗ್‌ರನ್ನೇ ಅಪಹರಿಸಿ ನಾನ್‌ಜಿಂಗ್‌ನಲ್ಲಿ ಕಾವಲಲ್ಲಿಟ್ಟರು. 1936ರಲ್ಲಿ ತಪ್ಪಿಸಿಕೊಂಡು ಕಮ್ಯುನಿಸ್ಟರ ಪ್ರದೇಶ ಸೇರಿದರು.

ಅಲ್ಲಿ, ಯಾನ್‌ಆನ್‌ನಲ್ಲಿ, 1942ರ ಮಾರ್ಚ್ 9ರ ಪತ್ರಿಕೆಯಲ್ಲಿ ಬಂದದ್ದು ‘ಮಾರ್ಚ್ 8ರ ಬಗ್ಗೆ ಅನಿಸಿಕೆ’. ಹೆಂಗಸು ಎಂಬ ಮಾತನ್ನು ಬೇರೆಯಾಗಿ ಎತ್ತಿ ಹೇಳಬೇಕಾಗಿಲ್ಲದ ಕಾಲ ಯಾವಾಗ ಬರುತ್ತದೆ ಎಂದು ಶುರುವಾಗುತ್ತದೆ. ಮದುವೆಯಾಗದಿದ್ದರೆ ಆಡಿಕೊಳ್ಳುತ್ತಾರೆ, ಆದರೂ ಆಡಿಕೊಳ್ಳುತ್ತಾರೆ. ಮಗು ಹೆತ್ತು ಮನೆಯಲ್ಲಿ ಕೂತವಳಿಗೆ ‘ಮನೆಗೆ ಮರಳಿದ ನೋರಾ’ ಎಂದು ಹೆಸರಿಟ್ಟು ಹಂಗಿಸುತ್ತಾರೆ. ಆಮೇಲೆ ಗಂಡ ‘ನೀನು ಹಿಂದುಳಿದಿದ್ದೀಯ’ ಅಂತ ಕಾರಣ ಕೊಟ್ಟು ಸೋಡಚೀಟಿ ಕೇಳುತ್ತಾನೆ. ಹಿಂದುಳಿದದ್ದು ಯಾರ ಮಗುವನ್ನು ಎತ್ತಿಕೊಂಡು? ಲು ಶುನ್ ಭಾಷಣವಾಗಿ 18 ವರ್ಷಕ್ಕೆ ಕ್ರಾಂತಿಯ ನೆಲದಲ್ಲೇ ನೋರಾ ಬೈಗುಳವಾಗಿದ್ದಳು.

ಈ ಲೇಖನಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಆಗಲೇ ತಪ್ಪೊಪ್ಪಿಗೆ ಹೇಳಿಸಿದರು. 1958ರಲ್ಲಿ ಖಂಡಿಸಲೆಂದೇ ಅದನ್ನು ಮತ್ತೆ ಅಚ್ಚು ಹಾಕಿಸಿ, ಲೇಖಕಿಯನ್ನು ಹೆಯ್‌ಲೊಂಗ್‌ಜಿಯಾಂಗ್‌ನ ಜಮೀನಿಗೆ ಕೋಳಿ ಸಾಕಲು ಕಳಿಸಿದರು. ಮುಂದೆ ಐದು ವರ್ಷ ಸೆರೆ. 1979ರಲ್ಲಿ ಹೆಸರು ಮರಳಿತು, 1986ರಲ್ಲಿ ತೀರಿಕೊಂಡರು.

ಹಳೇ ಮೇಷ್ಟ್ರು:

ತಮ್ಮಾ, ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. 1950ರ ಮೇ 1ರಂದು ಬಂದ ಮದುವೆ ಕಾಯಿದೆ ಉಪಪತ್ನಿ ಇಟ್ಟುಕೊಳ್ಳುವುದನ್ನು, ಚಿಕ್ಕ ಮಕ್ಕಳ ನಿಶ್ಚಿತಾರ್ಥವನ್ನು, ಹೆಣ್ಣಿಗೆ ದುಡ್ಡು ಕೇಳುವುದನ್ನು, ವಿಧವೆಯ ಮರುಮದುವೆಗೆ ಅಡ್ಡ ಬರುವುದನ್ನು ನಿಷೇಧಿಸಿತು. ಶಿಯಾಂಗ್‌ಲಿನ್ ಹೆಂಡತಿಯನ್ನು ಕೊಂದ ಒಂದೊಂದು ಕೈಯನ್ನೂ ಆ ಕಾಯಿದೆ ಹಿಡಿದಿದೆ. ಬಡವರ ಮನೆಯ ಹೆಣ್ಣಿಗೆ ಸೋಫಿಯಾಳ ದಿನಚರಿಗಿಂತ ಇದು ದೊಡ್ಡದು. ನಾನು ಇದನ್ನು ಹಗುರವಾಗಿ ಬಿಡಲಾರೆ.

ನೀಲಿ ಶಾಯಿ:

ಮೇಷ್ಟ್ರೇ, ಕಾಯಿದೆ ದೊಡ್ಡದೇ. ಆದರೆ ಕೊಂದ ಕೈಗಳೆಲ್ಲ ಕಾಯಿದೆಗೆ ಸಿಗುವಂಥವೇ? ಶಿಯಾವೊ ಹೊಂಗ್ 1940ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೂತು ಮುಗಿಸಿದ ‘ಹುಲಾನ್ ನದಿಯ ಕತೆಗಳು’ ಓದಿ. ಹು ಮನೆಗೆ 12 ವರ್ಷದ ಸೊಸೆ ಬರುತ್ತಾಳೆ. ಕಪ್ಪಗೆ, ನಗುನಗುತ್ತ ಇರುವ ಹುಡುಗಿ. ಅಕ್ಕಪಕ್ಕದವರಿಗೆ ಅದೇ ಸರಿಬರುವುದಿಲ್ಲ. ಎತ್ತರ ಜಾಸ್ತಿ, ನಡಿಗೆ ಬಿರುಸು, ಬಂದ ದಿನವೇ ಮೂರು ಬಟ್ಟಲು ಉಂಡಳು, ನಾಚಿಕೆಯಿಲ್ಲ. ಬುದ್ಧಿ ಕಲಿಸುತ್ತೇನೆಂದು ಅತ್ತೆ ತೊಲೆಗೆ ಕಟ್ಟಿ ಹೊಡೆಯುತ್ತಾಳೆ. ಹುಡುಗಿ ಕಾಯಿಲೆ ಬಿದ್ದಾಗ ಮೈಮೇಲೆ ಏನೋ ಬಂದಿದೆ ಎಂದು ಊರವರೆದುರು ಬಟ್ಟೆ ಬಿಚ್ಚಿ ಕುದಿಯುವ ನೀರಿನ ಗುಡಾಣದಲ್ಲಿ ಮುಳುಗಿಸುತ್ತಾರೆ. ಪ್ರಜ್ಞೆ ತಪ್ಪಿದರೆ ತಣ್ಣೀರು ಹಾಕಿ ಎಬ್ಬಿಸಿ ಮತ್ತೆ ಮುಳುಗಿಸುತ್ತಾರೆ. ಮೂರು ಸಲ. ನೋಡುವವರಲ್ಲಿ ಕೆಟ್ಟವರು ಯಾರೂ ಇಲ್ಲ, ಎಲ್ಲ ಅವಳ ಒಳ್ಳೆಯದಕ್ಕೇ.

ಶಿಯಾವೊ ಹೊಂಗ್ ಕೂಡ ಮನೆ ಬಿಟ್ಟವರೇ. ಬೇಡದ ಮದುವೆಯಿಂದ ಓಡಿದವರು, 1932ರಲ್ಲಿ ಹಾರ್ಬಿನ್‌ನ ಹೋಟೆಲಿನಲ್ಲಿ ತುಂಬು ಗರ್ಭಿಣಿಯಾಗಿ, ಬಾಕಿ ತೀರಿಸಲಾಗದೆ ಸಿಕ್ಕಿಬಿದ್ದವರು. 1942ರ ಜನವರಿ 22ರಂದು, 30ನೇ ವಯಸ್ಸಿಗೆ, ಯುದ್ಧದ ನಡುವೆ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡರು. ನೋರಾಳಿಗೆ ಏನಾಯಿತು ಎಂದು ಕೇಳಿದರೆ ನಾನು ಮೊದಲು ಇವರ ಹೆಸರು ಹೇಳುತ್ತೇನೆ. ಮನೆ ಬಿಟ್ಟವಳು ಕೊನೆಗೆ ಬರೆದದ್ದು ಅಜ್ಜ ಬೆಳೆಸಿದ ಹಿತ್ತಿಲ ತೋಟವನ್ನು. ಆ ತೋಟದ ಪುಟಗಳಲ್ಲಿ ಸೌತೆಬಳ್ಳಿ ಹೂ ಬಿಡಬೇಕೆಂದರೆ ಬಿಡುತ್ತದೆ, ಬೇಡವೆಂದರೆ ಇಲ್ಲ, ಕೇಳುವವರಿಲ್ಲ. ಅಷ್ಟು ಸ್ವಾತಂತ್ರ್ಯ ಆ ಪುಸ್ತಕದಲ್ಲಿ ಯಾವ ಹೆಣ್ಣಿಗೂ ಇಲ್ಲ.

ಜಯನಗರದ ಓದುಗ:

ಅತ್ತೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಐಲೀನ್ ಚಾಂಗ್ 1943ರಲ್ಲಿ ಬರೆದ ‘ಚಿನ್ನದ ನೊಗ’. ಎಳ್ಳೆಣ್ಣೆ ಅಂಗಡಿಯವರ ಮಗಳು ಚಿಚಿಯಾವೊಳನ್ನು ದೊಡ್ಡ ಮನೆತನದ ಹಾಸಿಗೆ ಹಿಡಿದ ಮಗನಿಗೆ ಕೊಡುತ್ತಾರೆ. ವರ್ಷಗಟ್ಟಲೆ ನವೆದು ಕೊನೆಗೆ ಆಸ್ತಿ ಕೈಗೆ ಬರುತ್ತದೆ. ಲು ಶುನ್ ಬೇಕು ಎಂದ ದುಡ್ಡು ಸಿಕ್ಕಿತು! ಆ ದುಡ್ಡನ್ನು ಕಾಯುತ್ತ ಮಗಳನ್ನೂ ಸೊಸೆಯನ್ನೂ ಹಿಂಡಿಬಿಡುತ್ತಾಳೆ. ಊರೆಲ್ಲ ಪಾದದ ಕಟ್ಟು ಬಿಚ್ಚುತ್ತಿದ್ದಾಗ ಮಗಳಿಗೆ ಕಟ್ಟುತ್ತಾಳೆ. ಮಗಳಿಗೆ ಒಬ್ಬ ಒಳ್ಳೆಯ ಗಂಡು ಒಪ್ಪಿಗೆಯಾದಾಗ, ಅವಳು ಇನ್ನೆರಡು ದಮ್ಮು ಅಫೀಮು ಎಳೆದು ಇಳಿದು ಬರುತ್ತಾಳೆ ಎಂದು ಅವನೆದುರು ತಣ್ಣಗೆ ಹೇಳಿ ಕೆಡಿಸುತ್ತಾಳೆ.

ಕೊನೆಯಲ್ಲಿ ಮುದುಕಿ ಕೈಯ ಪಚ್ಚೆಕಲ್ಲಿನ ಬಳೆಯನ್ನು ಮೇಲಕ್ಕೆ ಸರಿಸುತ್ತಾಳೆ. ಎಲುಬಾದ ತೋಳಿನ ಮೇಲೆ ಅದು ಕಂಕುಳ ತನಕ ಹೋಗುತ್ತದೆ. ವಯಸ್ಸಿನಲ್ಲಿ ಅದೇ ಬಳೆಯೊಳಗೆ ಒಂದು ಕರವಸ್ತ್ರ ಸಿಗಿಸುವಷ್ಟೇ ಜಾಗ ಇತ್ತು. ಮೇಡಂ, ಮೊದಲು ತಕರಾರು ತೆಗೆದವನು ನಾನೇ. ದುಡ್ಡೊಂದೇ ಸಾಲದು ಎಂದು ನನಗೆ ಮನವರಿಕೆ ಮಾಡಿದ್ದು ಆ ಬಳೆ.

ಗುವಾಂಗ್‌ಝೌ ಕನ್ನಡಿಗ:

ಮಾವೊ ಕಾಲದ ನಂತರದ್ದು ಎರಡೇ ಮಾತು. ಶೆನ್ ರೊಂಗ್ 1980ರಲ್ಲಿ ಬರೆದ ‘ನಡುವಯಸ್ಸಿಗೆ’ಯಲ್ಲಿ ಕಣ್ಣಿನ ಡಾಕ್ಟರ್ ಲು ವೆನ್‌ಟಿಂಗ್ ಬಿಡುಗಡೆಯಾದ ಹೆಣ್ಣೇ. ಓದು ಇದೆ, ಕೆಲಸ ಇದೆ, ತಿಂಗಳಿಗೆ 56 ಯುವಾನ್ 50 ಫೆನ್ ಸಂಬಳ ಇದೆ. ಒಂದು ಬೆಳಗ್ಗೆ ಮೂರು ಆಪರೇಷನ್ ಮುಗಿಸಿ ಹೃದಯಾಘಾತವಾಗಿ ಕುಸಿಯುತ್ತಾಳೆ. ಅರೆಪ್ರಜ್ಞೆಯಲ್ಲಿ ಅವಳಿಗೆ ನೆನಪಾಗುವುದು ಮಗನಿಗೆ ಕೊಡಿಸದೆ ಉಳಿದ ಬಿಳಿ ಬೂಟು, ಮಗಳಿಗೆ ಹಾಕದೆ ಉಳಿದ ಜಡೆ. ಇನ್ನೊಂದು ಝಾಂಗ್ ಜಿಯೆ ಅವರ 1982ರ ‘ನಾವೆ’. ಗಂಡನಿಂದ ದೂರವಾದ ಮೂವರು ಗೆಳತಿಯರು ಒಂದೇ ಮನೆಯಲ್ಲಿರುತ್ತಾರೆ. ‘ನೀನು ಹೆಣ್ಣಾದ್ದರಿಂದ ನಿನಗೆ ದುಃಖ ಹೆಚ್ಚು’ ಎಂಬ ಮಾತಿನಿಂದ ಶುರು, ಹೆಂಗಸರ ಹೆಸರಿನಲ್ಲಿ ಲೋಟ ಎತ್ತುವುದರಲ್ಲಿ ಮುಗಿತಾಯ. ಕಾಯಿದೆ ಬಂದು 32 ವರ್ಷದ ಮೇಲಿನ ಕತೆ ಇದು, ಮೇಷ್ಟ್ರೇ.

ಹಳೇ ಮೇಷ್ಟ್ರು:

ಡಾಕ್ಟರಮ್ಮನ ಕತೆ ಓದಿಲ್ಲ, ಓದುತ್ತೇನೆ. ನನ್ನವಳು 31 ವರ್ಷ ಟೀಚರ್ ಆಗಿದ್ದಳು. ಶಾಲೆಗೆ ಹೊರಡುವ ಮುಂಚೆ ಎರಡು ಹೊತ್ತಿನ ಅಡುಗೆ ಮುಗಿಸಿಯೇ ಹೋಗುತ್ತಿದ್ದಳು. ನಾನು ಪೇಪರ್ ಓದುತ್ತಿದ್ದೆ. ಕಾಯಿದೆಯ ಬಗ್ಗೆ ನಾನು ಹೇಳಿದ್ದನ್ನು ಹಿಂದೆಗೆದುಕೊಳ್ಳುವುದಿಲ್ಲ, ಇದನ್ನೂ ಅದರ ಪಕ್ಕ ಇಡುತ್ತೇನೆ.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಕೊನೆಯ ಮಾತಿಗೆ ಬೇರೆಯಾಗಿ ನಮಸ್ಕಾರ. ‘ಹೊಸವರ್ಷದ ಬಲಿ’ಯನ್ನು ಕನ್ನಡಕ್ಕೆ ತರಲು ಶುರು ಮಾಡಿದ್ದೇನೆ, ಮೊದಲ ಕರಡನ್ನು ಕಸೂತಿ ಕೈ ಅವರಿಗೆ ಕಳಿಸಿದ್ದೆ.

ಕಸೂತಿ ಕೈ:

ಅಕ್ಕಾ, ನಿಮ್ಮ ಕರಡು ನಿನ್ನೆ ಮಧ್ಯಾಹ್ನ ನಮ್ಮವ್ವಗ ಓದಿ ಹೇಳಿದೆ. ಅಕಿಗೆ ಕಣ್ಣು ಮಂಜು, ಗೋಡಿಗೆ ಒರಗಿ ಕೂತು ಕೇಳಿದ್ಲು. ತೋಳದ ಕಡೆ ಸುಮ್ಮನಿದ್ಲು, ಗರಗಸದ ಕಡೆನೂ ಸುಮ್ಮನಿದ್ಲು. ‘ನೀನು ಮುಟ್ಟಬೇಡ’ ಅಂದದ್ದು ಬಂದ ಕೂಡಲೇ ಕೈ ಎತ್ತಿ ನಿಲ್ಲಿಸಿ, ‘ಆ ಹೊಸ್ತಿಲಿನ ರೊಕ್ಕ ಅಕಿಗೆ ತಿರುಗಿ ಕೊಟ್ಟರೇನ?’ ಅಂದ್ಲು. ಇಲ್ಲವ್ವಾ ಅಂದೆ. ಹತ್ತು ನಿಮಿಷ ಬಿಟ್ಟು ಮತ್ತ ಅದನ್ನೇ ಕೇಳಿದ್ಲು. ನಾಳೆ ಆ ಹಿಟ್ಟು, ಅರ್ಧ ಕೋಸಿನ ಕತಿ ಓದಬೇಕಂತ ಹೇಳ್ಯಾಳ. ಅದನ್ನೂ ಕನ್ನಡದಾಗ ಮಾಡೀರೇನು?